ಅಕ್ಕ ತವರಿಗೆ ಬಂದು ಎರಡು ವರ್ಷವಾಯಿತು, ಭಯ ಮಾತ್ರ ಇನ್ನೂ ಹೋಗಿಲ್ಲ

ಪ್ರಶ್ನೆ: ನಮ್ಮದು ದಾವಣಗೆರೆ. ಅಕ್ಕನಿಗೆ ಈಗ 36 ವರ್ಷ. ಚಿತ್ರದುರ್ಗಕ್ಕೆ ಮದುವೆ ಮಾಡಿ ಕೊಟ್ಟಿದ್ದೆವು. ಹತ್ತು ವರ್ಷ ಸಂಸಾರ ಮಾಡಿ, ಎರಡು ವರ್ಷದ ಹಿಂದೆ ಮಗನನ್ನು ಕರೆದುಕೊಂಡು ತವರಿಗೆ ಬಂದುಬಿಟ್ಟಳು. ಭಾವ ಒಂದು ದಿನವೂ ಕೈ ಎತ್ತಿದವರಲ್ಲ, ಕುಡಿಯುವವರೂ ಅಲ್ಲ. ಹೊರಗಿನವರಿಗೆ ತುಂಬಾ ಒಳ್ಳೆಯವರು. ಮನೆಯೊಳಗೆ ಮಾತ್ರ ಅಕ್ಕ ಏನು ಮಾಡಿದರೂ ತಪ್ಪು. ವಾರಗಟ್ಟಲೆ ಮಾತು ಬಿಡುತ್ತಿದ್ದರಂತೆ. ತಾವೇ ಆಡಿದ ಮಾತನ್ನು 'ನಾನು ಹೇಳೇ ಇಲ್ಲ, ನಿನಗೆ ತಲೆ ಸರಿ ಇಲ್ಲ' ಅನ್ನುತ್ತಿದ್ದರಂತೆ. ಈಗ ಅವಳು ನಮ್ಮ ಜೊತೆ ಆರಾಮಾಗಿರಬೇಕಿತ್ತು. ಆದರೆ ಫೋನ್ ರಿಂಗ್ ಆದರೆ ಬೆಚ್ಚಿ ಬೀಳುತ್ತಾಳೆ. ತರಕಾರಿ ತಂದರೆ ಯಾರೂ ಕೇಳದಿದ್ದರೂ ಚೀಟಿ ಬರೆದು ಅಮ್ಮನಿಗೆ ಲೆಕ್ಕ ಒಪ್ಪಿಸುತ್ತಾಳೆ. ಹೋಟೆಲ್‌ನಲ್ಲಿ ಬೆಣ್ಣೆ ದೋಸೆ ಬೇಕಾ, ಖಾಲಿ ದೋಸೆ ಬೇಕಾ ಅಂದರೆ ಉತ್ತರ ಬರುವುದಿಲ್ಲ. ದುರ್ಗಾಂಬಿಕಾ ಜಾತ್ರೆಗೆ ನೆಂಟರೆಲ್ಲ ಬಂದಾಗ ರೂಮು ಬಿಟ್ಟು ಹೊರಗೆ ಬರಲಿಲ್ಲ. ಅರ್ಥವಾಗದ ಸಂಗತಿ ಅಂದರೆ, ಕೆಲವು ರಾತ್ರಿ ಭಾವನನ್ನೇ ನೆನೆದು ಅಳುತ್ತಾಳೆ. ಯೂಟ್ಯೂಬ್ ನೋಡಿ ನನಗೆ ಅವರು ನಾರ್ಸಿಸಿಸ್ಟ್, ಅಂದರೆ ತಾನೇ ಎಲ್ಲ ಅನ್ನುವ ಸ್ವಭಾವದವರು, ಇರಬಹುದಾ ಅನಿಸಿದೆ. ಈಗ ಅವರು 'ನಾನು ಬದಲಾಗಿದ್ದೇನೆ, ಯುಗಾದಿಗೆ ಕಳಿಸಿಕೊಡಿ' ಎಂದು ಹಿರಿಯರ ಕೈಲಿ ಹೇಳಿ ಕಳಿಸಿದ್ದಾರೆ. ಅಪ್ಪನಿಗೂ ಮನಸ್ಸಿದೆ. ಅಕ್ಕ 'ನೀವು ಹೇಳಿದ ಹಾಗೆ' ಅನ್ನುತ್ತಾಳೆ. ಏನು ಮಾಡಬೇಕು? ಅವಳು ಯಾವಾಗ ಮೊದಲಿನ ಹಾಗಾಗುತ್ತಾಳೆ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ತರಕಾರಿ ಚೀಟಿಯ ಸಾಲನ್ನು. ಮಾತು ಬಿಟ್ಟಿದ್ದು, ಹೀಯಾಳಿಸಿದ್ದು ಎಲ್ಲ ಆ ಮನೆಯಲ್ಲಿ ಆಗಿಹೋದದ್ದು. ಚೀಟಿ ಮಾತ್ರ ಇವತ್ತು ನಿಮ್ಮ ಅಡುಗೆ ಮನೆಯಲ್ಲಿ ನಡೆಯುತ್ತಿದೆ. ಟೊಮೆಟೊಗೆ ಎಷ್ಟು, ಸೊಪ್ಪಿಗೆ ಎಷ್ಟು ಅಂತ ಬರೆದಿಡುವ ಆ ಕೈಗೆ, ಲೆಕ್ಕದಲ್ಲಿ ಐದು ರೂಪಾಯಿ ತಪ್ಪಿದರೆ ಏನಾಗುತ್ತಿತ್ತು ಎನ್ನುವುದು ಚೆನ್ನಾಗಿ ನೆನಪಿದೆ. ತಪ್ಪಿದ ದಿನ ಮನೆಯಲ್ಲಿ ಏನು ನಡೆಯುತ್ತಿತ್ತೋ ನಮಗೆ ಗೊತ್ತಿಲ್ಲ. ಅಕ್ಕ ಇಷ್ಟರವರೆಗೆ ನಿಮಗೆ ಹೇಳಿರುವುದು ಅದರ ಕಾಲು ಭಾಗ ಇರಬಹುದು.

ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳು ಓಡುತ್ತಿದ್ದ ಕಾಲದವರನ್ನು ನೀವು ನೋಡಿರುತ್ತೀರಿ. ಮಗ್ಗಗಳ ಸದ್ದಿನ ನಡುವೆ ವರ್ಷಗಟ್ಟಲೆ ದುಡಿದವರು ಮನೆಯ ಪಡಸಾಲೆಯಲ್ಲಿ ಕೂತರೂ ಜೋರಾಗಿಯೇ ಮಾತಾಡುತ್ತಾರೆ. ಮಿಲ್ಲು ಮುಚ್ಚಿ ಎಷ್ಟೋ ಕಾಲವಾದರೂ ಗಂಟಲಿಗೆ ಆ ಅಭ್ಯಾಸ ಉಳಿದಿರುತ್ತದೆ. ನಿಮ್ಮ ಅಕ್ಕನಿಗೂ ಆಗಿರುವುದು ಇದೇ. ಆ ಮನೆಯಲ್ಲಿ ಉಳಿಯಲು ಏನೇನು ಬೇಕಿತ್ತೋ ಅದನ್ನೆಲ್ಲ ಅವರು ಕಲಿತರು. ಚಪ್ಪಲಿ ಬಿಡುವ ಸದ್ದಿನಲ್ಲೇ ಗಂಡನ ಮನಸ್ಸು ಹೇಗಿದೆ ಅಂತ ಅಳೆಯುವುದು. ಫೋನನ್ನು ಎರಡನೇ ರಿಂಗಿಗೇ ಎತ್ತುವುದು. ತನಗೇನು ಬೇಕು ಅನ್ನುವುದನ್ನು ಬಾಯಿಗೆ ತರದಿರುವುದು. ಮನೆ ಬದಲಾಯಿತು. ಕಲಿತದ್ದು ಹಾಗೇ ಉಳಿದಿದೆ.

ಇದರಲ್ಲಿ ದೇಹದ ಪಾತ್ರವೂ ಇದೆ. ಅಪಾಯ ಬಂದಾಗ ಮೆದುಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಬಿಡುಗಡೆ ಮಾಡಿಸುತ್ತದೆ. ಎದೆ ಬಡಿತ ಏರುತ್ತದೆ, ಕಿವಿ ಚುರುಕಾಗುತ್ತದೆ. ಅಪಾಯ ಕಳೆದ ಮೇಲೆ ಎಲ್ಲ ಇಳಿಯಬೇಕು. ಆದರೆ ಅಪಾಯ ಯಾವ ಗಳಿಗೆಯಲ್ಲಿ ಬರುತ್ತದೋ ಗೊತ್ತಿಲ್ಲದ ಮನೆಯಲ್ಲಿ ಅದು ಪೂರ್ತಿ ಇಳಿಯುವುದೇ ಇಲ್ಲ. ಸಣ್ಣ ಸದ್ದಿಗೂ ಗಂಟೆ ಬಾರಿಸುವುದನ್ನು ಮೆದುಳು ರೂಢಿ ಮಾಡಿಕೊಳ್ಳುತ್ತದೆ. ಅದಕ್ಕೇ ಇಂಥವರು ಮೊದಲು ಬರುವುದು ಮನಸ್ಸಿನ ವೈದ್ಯರ ಹತ್ತಿರ ಅಲ್ಲ. ಗ್ಯಾಸ್ಟ್ರಿಕ್, ತಲೆನೋವು, ಮೈಕೈ ನೋವು, ಸುಸ್ತು, ನಿದ್ದೆ ಇಲ್ಲ ಅಂತ ಎಲ್ಲೆಲ್ಲೋ ತೋರಿಸಿ, ಸ್ಕ್ಯಾನಿಂಗ್ ಎಲ್ಲ ಮಾಡಿಸಿ, ರಿಪೋರ್ಟ್ ನಾರ್ಮಲ್ ಅಂತ ಬಂದ ಮೇಲೆ ನಮ್ಮ ಹತ್ತಿರ ಬರುತ್ತಾರೆ. ನಿಮ್ಮ ಅಕ್ಕನಿಗೂ ಥೈರಾಯ್ಡ್, ರಕ್ತಹೀನತೆ ಇದೆಯೇ ಅಂತ ಒಮ್ಮೆ ನೋಡಿಸಿ. ಅದು ಸರಿ ಇದ್ದರೆ 'ನಿನಗೇನೂ ಆಗಿಲ್ಲ' ಅಂತ ಮಾತ್ರ ಹೇಳಬೇಡಿ. ಆಗಿದೆ.

ಈಗ ಭಾವನ ವಿಷಯ. ಅವರು ನಾರ್ಸಿಸಿಸ್ಟ್ ಹೌದೋ ಅಲ್ಲವೋ ಅಂತ ನಾನು ಹೇಳಲಾರೆ. ಹೇಳಲೂ ಬಾರದು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ನಾರ್ಸಿಸಿಸ್ಟಿಕ್ ವ್ಯಕ್ತಿತ್ವ ದೋಷ 1980ರಲ್ಲಿ ಸೇರಿತು. ಈಗ ಅದರಲ್ಲಿ ಒಂಬತ್ತು ಲಕ್ಷಣಗಳ ಪಟ್ಟಿ ಇದೆ. ತಾನೇ ದೊಡ್ಡವನೆಂಬ ಭಾವ, ಸದಾ ಹೊಗಳಿಕೆಯ ಹಸಿವು, ಬೇರೆಯವರ ನೋವು ನಾಟದಿರುವುದು ಇತ್ಯಾದಿ. ಕನಿಷ್ಠ ಐದಾದರೂ ಇರಬೇಕು, ಅದೂ ಬದುಕಿನ ಎಲ್ಲ ಕಡೆ ಕಾಣಬೇಕು. ಆ ವ್ಯಕ್ತಿಯನ್ನು ಕೂರಿಸಿ ಮಾತಾಡಿಸದೆ ಯಾರೂ ಅದನ್ನು ತೀರ್ಮಾನಿಸುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಕಾಯಿಲೆಗಳ ಪಟ್ಟಿಯಾದ ಐಸಿಡಿ-11 ಅಂತೂ ಆ ಹೆಸರಿನ ಪ್ರತ್ಯೇಕ ಕಾಯಿಲೆಯನ್ನೇ ಇಟ್ಟುಕೊಂಡಿಲ್ಲ. ಜನ ಹೇಳುವ 'ನಾರ್ಸಿಸಿಸ್ಟಿಕ್ ಅಬ್ಯೂಸ್' ಕೂಡ ಯಾವ ಪಟ್ಟಿಯಲ್ಲೂ ಇರುವ ಕಾಯಿಲೆ ಅಲ್ಲ. ಅದು ಒಂದು ಬಗೆಯ ನಡವಳಿಕೆಗೆ ಜನ ಕೊಟ್ಟುಕೊಂಡ ಹೆಸರು. ಎದುರಿನವರನ್ನು ಏರಿಸಿ ಇಳಿಸಿ, ಅನುಮಾನಕ್ಕೆ ತಳ್ಳಿ, ತನ್ನ ಮನಸ್ಸಿನ ಸುತ್ತಲೇ ತಿರುಗುವಂತೆ ಮಾಡುವ ನಡವಳಿಕೆ.

ನಿಮಗೆ ಆ ಹೆಸರು ಸಿಕ್ಕಿದಾಗ ಸಮಾಧಾನ ಆಗಿರಬಹುದು. 'ಇದು ನಮ್ಮ ಮನೆಯದ್ದೊಂದೇ ಕಥೆ ಅಲ್ಲ' ಅನ್ನುವ ಸಮಾಧಾನ. ಅಷ್ಟು ಮಟ್ಟಿಗೆ ಆ ವಿಡಿಯೋಗಳಿಂದ ಉಪಕಾರವಾಗಿದೆ. ಆದರೆ ಅಲ್ಲೇ ನಿಲ್ಲಬೇಡಿ. ರಾತ್ರಿ ಎಲ್ಲ ಕೂತು 'ಅವನು ಯಾಕೆ ಹೀಗೆ' ಅಂತ ನೋಡುತ್ತಿದ್ದರೆ ಆ ಮನೆಯಲ್ಲೂ ಅವರೇ ಕೇಂದ್ರ, ಈ ಮನೆಯಲ್ಲೂ ಅವರೇ ಕೇಂದ್ರ. ಅವರಿಗೆ ಯಾವ ಕಾಯಿಲೆಯ ಹೆಸರು ಸರಿ ಅನ್ನುವುದು ತೀರ್ಮಾನ ಆಗದೆಯೂ ನಿಮ್ಮ ಅಕ್ಕ ಗುಣವಾಗಬಹುದು. ನನಗೆ ಭಾವನ ಕಾಯಿಲೆಗಿಂತ ಅಕ್ಕನ ದೋಸೆ ಮುಖ್ಯ.

ಹೌದು, ದೋಸೆ. ನಿಮಗೆ ಅದು ಸಣ್ಣ ವಿಷಯ ಅನಿಸಿ ಬರೆದಿದ್ದೀರಿ. ನನ್ನ ಲೆಕ್ಕದಲ್ಲಿ ಇಡೀ ಪತ್ರದ ದೊಡ್ಡ ಗಾಯ ಅದೇ. ಇಷ್ಟು ವರ್ಷ ಇಂಥವರ ಜೊತೆ ಕೂತು ಮಾತಾಡಿದ ಮೇಲೆ ನನಗೆ ಖಚಿತವಾಗಿರುವ ಮಾತು ಒಂದೇ. ಭಯ ಹೋಗುತ್ತದೆ, ನಿದ್ದೆ ಬರುತ್ತದೆ, ಅಳು ನಿಲ್ಲುತ್ತದೆ. ಎಲ್ಲಕ್ಕಿಂತ ಕೊನೆಗೆ ಮರಳುವುದು ತನ್ನ ಮೇಲಿನ ನಂಬಿಕೆ. ನಾನು ಕಂಡದ್ದು ನಿಜ, ನಾನು ಕೇಳಿಸಿಕೊಂಡದ್ದು ನಿಜ, ನನಗೆ ಅನಿಸಿದ್ದಕ್ಕೆ ಕಾರಣ ಇದೆ ಅನ್ನುವ ನಂಬಿಕೆ.

ಅದು ಹೇಗೆ ಹೋಗುತ್ತದೆ ಅಂತ ಯೋಚಿಸಿ. 'ಗುರುವಾರ ಊರಿಗೆ ಹೋಗಿ ಬಾ' ಅಂತ ಹೇಳಿದವರೇ, ಹೋಗಿ ಬಂದ ಮೇಲೆ 'ಯಾರನ್ನು ಕೇಳಿ ಹೋದೆ?' ಅನ್ನುತ್ತಾರೆ. 'ನೀವೇ ಹೇಳಿದ್ರಲ್ಲಾ' ಅಂದರೆ 'ನಾನು ಹೇಳಿದ್ನಾ? ಇತ್ತೀಚೆಗೆ ನಿನಗೆ ಏನೋ ಆಗಿದೆ' ಅನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತದೆ. ಆಮೇಲೆ ವಾದ ಮಾಡಿ ಸುಸ್ತಾಗುತ್ತದೆ. ಐವತ್ತನೇ ಸಲಕ್ಕೆ, ಬಹುಶಃ ನನಗೇ ಮರೆವು ಇರಬೇಕು ಅನಿಸುತ್ತದೆ. ಹಾಗೆ ಅನಿಸಿದ ದಿನ ಜಗಳ ನಿಲ್ಲುತ್ತದೆ, ಮನೆ ಶಾಂತವಾಗುತ್ತದೆ. ಅಂದರೆ ತನ್ನನ್ನು ತಾನು ನಂಬದಿದ್ದರೆ ನೆಮ್ಮದಿ ಸಿಗುತ್ತದೆ ಅಂತ ಮನಸ್ಸು ಕಲಿಯುತ್ತದೆ. ಇದಕ್ಕೆ ಗ್ಯಾಸ್‌ಲೈಟಿಂಗ್ ಅನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೆನ್ನಿಫರ್ ಫ್ರೈಡ್ 1997ರಲ್ಲಿ ಇದರ ಜೊತೆಗೇ ಬರುವ ಇನ್ನೊಂದು ಚಾಳಿಯನ್ನು ಗುರುತಿಸಿದರು. ತಪ್ಪನ್ನು ಎತ್ತಿ ಹೇಳಿದಾಗ ಮೊದಲು 'ಇಲ್ಲವೇ ಇಲ್ಲ' ಅನ್ನುವುದು, ಆಮೇಲೆ ಹೇಳಿದವರ ಮೇಲೇ ಏರಿ ಹೋಗುವುದು, ಕೊನೆಗೆ ನೊಂದವನು ತಾನೇ ಅಂತ ತೋರಿಸುವುದು. ಹೀಗಾದಾಗ ದೂರು ಹೇಳಲು ಹೋದವರೇ ಕ್ಷಮೆ ಕೇಳಿ ಎದ್ದು ಬರುತ್ತಾರೆ. ನಿಮ್ಮ ಅಕ್ಕ ಮಾತು ಶುರು ಮಾಡುವ ಮೊದಲೇ 'ಸಾರಿ' ಅನ್ನುತ್ತಾರಾ? ಗಮನಿಸಿ ನೋಡಿ.

ಇಷ್ಟಾದ ಮೇಲೆ ಸಪ್ಲೈಯರ್ ಬಂದು 'ಏನು ಕೊಡ್ಲಿ ಅಕ್ಕಾ' ಅಂದರೆ ಏನಾಗುತ್ತದೆ? ಬೇಕಾದ್ದನ್ನು ಹುಡುಕಲು ಅವರು ತಮ್ಮೊಳಗೆ ಹೋಗಬೇಕು. ಹತ್ತು ವರ್ಷ ಅಲ್ಲಿಗೆ ಹೋದಾಗಲೆಲ್ಲ ಪೆಟ್ಟು ಬಿದ್ದಿದೆ. ಹಾಗಾಗಿ ಎದುರಿಗೆ ಕೂತವರ ಮುಖ ನೋಡುತ್ತಾರೆ. ಇವರಿಗೆ ಯಾವ ಉತ್ತರ ಇಷ್ಟ ಅಂತ ಹುಡುಕುತ್ತಾರೆ. 'ನೀವು ಹೇಳಿದ್ದೇ' ಅನ್ನುತ್ತಾರೆ. ಯುಗಾದಿಗೆ ಹೋಗುವ ವಿಷಯದಲ್ಲೂ ಅವರು ಕೊಟ್ಟಿರುವುದು ಇದೇ ಉತ್ತರ. ಇದನ್ನು ದಯವಿಟ್ಟು ಒಪ್ಪಿಗೆ ಅಂತ ತಿಳಿಯಬೇಡಿ.

ರಾತ್ರಿ ಭಾವನನ್ನು ನೆನೆದು ಅಳುವುದು ನಿಮಗೆ ಅರ್ಥವಾಗುತ್ತಿಲ್ಲ ಅಂದಿರಿ. ಎಷ್ಟೋ ಮನೆಗಳಲ್ಲಿ ಇದೇ ಅಳುವನ್ನು ನೋಡಿ, 'ನೋಡಿ, ಅವಳಿಗೂ ಗಂಡ ಬೇಕು' ಅಂತ ವಾಪಸ್ ಕಳಿಸಿಬಿಡುತ್ತಾರೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿ.ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಸಿಕ್ಕರೆ, ಕಾಳು ನಿಂತ ಸ್ವಲ್ಪ ಹೊತ್ತಿಗೆ ಹಕ್ಕಿ ಕುಕ್ಕುವುದನ್ನು ಬಿಡುತ್ತದೆ. ಕಾಳು ಯಾವಾಗಲೋ ಒಮ್ಮೆ, ಲೆಕ್ಕವಿಲ್ಲದೆ ಸಿಗುತ್ತಿದ್ದರೆ, ಅದು ನಿಂತ ಮೇಲೂ ಹಕ್ಕಿ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಮನುಷ್ಯರಲ್ಲೂ ಹಾಗೇ. ಮೂರು ವಾರ ಮಾತು ಬಿಟ್ಟವರು ಒಂದು ಸಂಜೆ ಮಲ್ಲಿಗೆ ಹೂವು ತಂದು, ನಗುತ್ತಾ ಕಾಫಿ ಕೇಳಿದರೆ, ಆ ಸಂಜೆಯ ತೂಕ ಎಷ್ಟಿರುತ್ತದೆ ಅಂತ ನೆಮ್ಮದಿಯ ಮನೆಯಲ್ಲಿ ಇರುವವರಿಗೆ ಗೊತ್ತಾಗುವುದಿಲ್ಲ. ನೋವು ಕೊಟ್ಟವರೇ ಸಮಾಧಾನವನ್ನೂ ಕೊಡುತ್ತಾರೆ, ಬೇರೆ ಯಾರೂ ಕೊಡುವಂತಿಲ್ಲ. ಕೆನಡಾದ ಡೊನಾಲ್ಡ್ ಡಟನ್ ಮತ್ತು ಸೂಸನ್ ಪೇಂಟರ್ 1981ರಲ್ಲೇ ಈ ನಂಟಿನ ಬಗ್ಗೆ ಬರೆದರು. ಒಬ್ಬರ ಕೈಯಲ್ಲಿ ಪೂರ್ತಿ ಅಧಿಕಾರ, ನಡುನಡುವೆ ಪ್ರೀತಿ, ನಡುನಡುವೆ ಹಿಂಸೆ. ಇವು ಸೇರಿದಾಗ ನಂಟು ಸಡಿಲವಾಗುವ ಬದಲು ಬಿಗಿಯಾಗುತ್ತದೆ.

ಅದರ ಜೊತೆ ನಿಜವಾದ ದುಃಖವೂ ಇದೆ. ನಿಮ್ಮ ಅಕ್ಕ ಮದುವೆಯಾದದ್ದು ಮೊದಲ ವರ್ಷದ ಆ ಒಳ್ಳೆಯ ಗಂಡನನ್ನು. ಆ ಮನುಷ್ಯ ವಾಪಸ್ ಬರುತ್ತಾನೆ ಅಂತ ಹತ್ತು ವರ್ಷ ಕಾದರು. ಆ ಕಾಯುವಿಕೆ ಮುಗಿದುಹೋದದ್ದಕ್ಕೆ ಅಳಬೇಕು ಅಲ್ವಾ? ಅಳಲಿ. ಪಕ್ಕದಲ್ಲಿ ಕೂತುಕೊಳ್ಳಿ. 'ಅಂಥವನಿಗೆ ಯಾಕೆ ಅಳ್ತೀಯ' ಅಂದರೆ ನಾಳೆಯಿಂದ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾರೆ, ಅಷ್ಟೇ.

ಇದೆಲ್ಲಕ್ಕೂ ವೈದ್ಯಕೀಯದಲ್ಲಿ ಹೆಸರಿದೆಯೇ ಅಂದರೆ, ಇರಬಹುದು. ಯುದ್ಧ, ಅಪಘಾತದಂಥ ಆಘಾತದ ನಂತರ ಬರುವ ಪಿಟಿಎಸ್‌ಡಿ ಬಗ್ಗೆ ನೀವು ಕೇಳಿರಬಹುದು. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಒಂದು ಮುಖ್ಯ ಮಾತು ಹೇಳಿದರು. ತಪ್ಪಿಸಿಕೊಳ್ಳಲಾಗದ ಕಡೆ, ವರ್ಷಗಟ್ಟಲೆ, ಇನ್ನೊಬ್ಬರ ಹಿಡಿತದಲ್ಲಿ ಬದುಕಿದವರ ಗಾಯ ಒಂದೇ ಒಂದು ಘಟನೆಯಿಂದ ಆದ ಗಾಯದ ಹಾಗೆ ಇರುವುದಿಲ್ಲ ಅಂತ. ಐಸಿಡಿ-11 ಅದನ್ನು 'ಕಾಂಪ್ಲೆಕ್ಸ್ ಪಿಟಿಎಸ್‌ಡಿ' ಎಂದು ಒಪ್ಪಿಕೊಂಡಿದೆ. ಆ ಪಟ್ಟಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ, ಅಂದರೆ ತೀರಾ ಇತ್ತೀಚೆಗೆ. ಹಳೆಯದು ಈಗಲೇ ನಡೆಯುತ್ತಿದೆ ಅನ್ನುವ ಹಾಗೆ ಮರುಕಳಿಸುವುದು, ಅದನ್ನು ನೆನಪಿಸುವ ಜಾಗ, ಜನರಿಂದ ದೂರ ಇರುವುದು, ಸದಾ ಎಚ್ಚರ, ಇವು ಸಾಮಾನ್ಯ ಪಿಟಿಎಸ್‌ಡಿಯಲ್ಲೂ ಇರುತ್ತವೆ. ಕಾಂಪ್ಲೆಕ್ಸ್ ಪಿಟಿಎಸ್‌ಡಿಯಲ್ಲಿ ಇನ್ನೂ ಮೂರು ಸೇರುತ್ತವೆ. ಭಾವನೆಗಳು ಹಿಡಿತಕ್ಕೆ ಸಿಗುವುದಿಲ್ಲ, ಇಲ್ಲವೇ ಪೂರ್ತಿ ಮರಗಟ್ಟುತ್ತವೆ. ತಾನು ಯಾವುದಕ್ಕೂ ಬಾರದವಳು ಅನ್ನುವುದು ಒಳಗೆ ಇಳಿದಿರುತ್ತದೆ. ಯಾರ ಹತ್ತಿರವೂ ಹತ್ತಿರವಾಗಿ ಇರಲು ಆಗುವುದಿಲ್ಲ.

ನೀವು ಬರೆದ ಹಲವು ವಿಷಯ ಇದಕ್ಕೆ ಹೊಂದುತ್ತದೆ. ಆದರೂ ಒಂದು ಪತ್ರ ನೋಡಿ ನಾನು ಕಾಯಿಲೆ ಹೇಳುವುದಿಲ್ಲ. ಖಿನ್ನತೆ ಇರಬಹುದು, ಎರಡೂ ಇರಬಹುದು. ಇಂಥ ಬಾಳು ಬಾಳಿದ ಎಲ್ಲರಿಗೂ ಕಾಯಿಲೆ ಬರುತ್ತದೆ ಅಂತಲೂ ಇಲ್ಲ. ಪರೀಕ್ಷೆ ಮಾಡಿಸಿ.

ಜಾತ್ರೆಯಲ್ಲಿ ರೂಮು ಬಿಟ್ಟು ಬರದಿದ್ದುದು ಬರೀ ಕಾಯಿಲೆಯ ಲಕ್ಷಣ ಅಂತ ನನಗೆ ಅನಿಸುವುದಿಲ್ಲ. ಅದರಲ್ಲಿ ನಮ್ಮ ಊರಿನ ಪಾಲೂ ಇದೆ. ಎರಡು ವರ್ಷಕ್ಕೊಮ್ಮೆ ಬರುವ ದುರ್ಗಮ್ಮನ ಜಾತ್ರೆ ಅಂದರೆ ಮನೆ ತುಂಬಾ ನೆಂಟರು. ಊಟದ ನಡುವೆ ಯಾರೋ ಒಬ್ಬರು 'ಯಾವಾಗ ಹೋಗ್ತೀಯಮ್ಮ ನಿಮ್ಮ ಮನೆಗೆ?' ಅಂತ ಕೇಳೇ ಕೇಳುತ್ತಾರೆ. ಇನ್ನೊಬ್ಬರು 'ಹೊಡೆದಿಲ್ಲ ಬಡಿದಿಲ್ಲ, ಅಷ್ಟಕ್ಕೆಲ್ಲ ಬಿಟ್ಟು ಬರೋದಾ?' ಅನ್ನುತ್ತಾರೆ. ಹೊಡೆದ ಗಾಯ ಇದ್ದಿದ್ದರೆ ತೋರಿಸಬಹುದಿತ್ತು. ಇಲ್ಲಿ ತೋರಿಸಲು ಏನೂ ಇಲ್ಲ. ಬಾಯಿಬಿಟ್ಟು ಹೇಳಿದರೆ ಒಂದೊಂದು ಘಟನೆಯೂ ಸಣ್ಣದಾಗಿಯೇ ಕೇಳಿಸುತ್ತದೆ. ತೀವ್ರ ಒತ್ತಡದಲ್ಲಿ ಕಳೆದ ದಿನಗಳ ನೆನಪು ಎಷ್ಟೋ ಸಲ ತುಂಡುತುಂಡಾಗಿ ಕೂತಿರಬಹುದು. ಹಾಗಾಗಿ ಹೇಳುವಾಗ ಹಿಂದುಮುಂದಾಗುತ್ತದೆ. ಕೇಳುವವರಿಗೆ ಅನುಮಾನ ಬರುತ್ತದೆ. ಆ ಅನುಮಾನದ ಮುಖವನ್ನು ಅವರು ಹತ್ತು ವರ್ಷ ನೋಡಿ ಬಂದಿದ್ದಾರೆ.

ಕಾನೂನು ಈ ವಿಷಯದಲ್ಲಿ ನಮ್ಮ ನೆಂಟರಿಗಿಂತ ಮುಂದಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 3ನೇ ಕಲಮು ಮಾತಿನ ಹಿಂಸೆ, ಭಾವನಾತ್ಮಕ ಹಿಂಸೆ, ಹಣಕಾಸಿನ ಹಿಂಸೆ ಎಲ್ಲವನ್ನೂ ಹಿಂಸೆ ಎಂದೇ ಎಣಿಸುತ್ತದೆ. ಹೊಡೆದಿರಲೇಬೇಕು ಅಂತಿಲ್ಲ. ಈಗ ಆ ಮನೆಯಲ್ಲಿ ಇಲ್ಲದಿದ್ದರೂ ದೂರು ಕೊಡಬಹುದು. ತವರಿನಿಂದ ಕೊಟ್ಟ ಒಡವೆ ಅಲ್ಲೇ ಉಳಿದಿದ್ದರೆ ವಾಪಸ್ ಕೊಡಿಸುವಂತೆ ಕೇಳಬಹುದು. ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ನಮ್ಮ ರಾಜ್ಯದಲ್ಲಿ ಇದರ ಸಂರಕ್ಷಣಾಧಿಕಾರಿಗಳು. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಕೇಸು ಹಾಕಿ ಅಂತ ನಾನು ಹೇಳುತ್ತಿಲ್ಲ. ಅದು ಅಕ್ಕ ತೀರ್ಮಾನಿಸಬೇಕಾದ್ದು. ಆದರೆ 'ನಿನಗೆ ಆದದ್ದನ್ನು ಈ ದೇಶದ ಕಾನೂನೇ ಹಿಂಸೆ ಅನ್ನುತ್ತದೆ' ಅಂತ ಅವರಿಗೆ ಓದಿ ಹೇಳಿ. ಹಳೆಯ ಮೆಸೇಜುಗಳನ್ನು ಅಳಿಸಬೇಡಿ ಅಂತಲೂ ಹೇಳಿ.

ಮನೆಯಲ್ಲಿ ನೀವು ಏನು ಮಾಡಬಹುದು ಅನ್ನುವುದಕ್ಕೆ ಬರೋಣ. ಚೀಟಿಯ ವಿಷಯದಲ್ಲಿ ಬೈಯಬೇಡಿ, ಕಿತ್ತುಕೊಳ್ಳಬೇಡಿ. ಅಮ್ಮ ಅದನ್ನು ಓದದೆ ಪಕ್ಕಕ್ಕಿಟ್ಟು, 'ನೀನು ತಂದಿದ್ದೀಯಲ್ಲ, ಸಾಕು' ಅಂದರೆ ಸಾಕು. ಪ್ರತಿ ಸಲವೂ ಅದೇ ಮಾತು, ಅದೇ ದನಿ. ಲೆಕ್ಕ ತಪ್ಪಿದ ದಿನವೂ ಏನೂ ಆಗಲಿಲ್ಲ ಅನ್ನುವುದನ್ನು ಅವರ ಮೈ ನೋಡಿ ನೋಡಿ ಕಲಿಯಬೇಕು. ಹೇಳಿದರೆ ಕಲಿಯುವುದಿಲ್ಲ. ಒಂದು ದಿನ ಚೀಟಿ ಬರೆಯುವುದು ಮರೆತುಹೋಗುತ್ತದೆ. ಆ ದಿನ 'ಅಯ್ಯೋ ಇವತ್ತು ಬರೆದಿಲ್ಲ ನೋಡು' ಅಂತ ಚಪ್ಪಾಳೆ ತಟ್ಟಬೇಡಿ. ಸುಮ್ನೆ ಇರಿ.

ದೋಸೆ ಯಾವುದು ಅಂತ ಕೇಳಿದಾಗ ಉತ್ತರ ಬರದಿದ್ದರೆ ಕಾಯಿರಿ. ಸಪ್ಲೈಯರ್‌ಗೆ 'ಸ್ವಲ್ಪ ಬಿಟ್ಟು ಬಾರಪ್ಪ' ಅನ್ನಿ. ನೀವು ಆರ್ಡರ್ ಮಾಡಿಬಿಟ್ಟರೆ ಅವರಿಗೆ ಆ ಕ್ಷಣಕ್ಕೆ ಹಗುರ ಆಗುತ್ತದೆ, ನಾಳೆಗೆ ಭಾರ ಆಗುತ್ತದೆ. ಆಯ್ಕೆ ಎರಡೇ ಇರಲಿ, ಸಣ್ಣದಿರಲಿ. ಆರಿಸಿದ ಮೇಲೆ 'ಅದು ಯಾಕೆ, ಇದು ಚೆನ್ನಾಗಿತ್ತು' ಅನ್ನುವ ಒಂದು ಮಾತೂ ಬೇಡ. ಪ್ರೀತಿಯ ಮನೆಗಳಲ್ಲೂ ನಾವು ಈ ಮಾತನ್ನು ದಿನಕ್ಕೆ ಹತ್ತು ಸಲ ಆಡುತ್ತೇವೆ. ಅದರಲ್ಲಿ ಕೇಡಿಲ್ಲ, ಆದರೆ ನಿಮ್ಮ ಅಕ್ಕನಿಗೆ ಸದ್ಯಕ್ಕೆ ಅದು ಬೇರೆಯೇ ದನಿಯಲ್ಲಿ ಕೇಳಿಸುತ್ತದೆ.

ನಿಮ್ಮ ಬಗ್ಗೆಯೂ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಅಕ್ಕನ ಪರವಾಗಿ ನೀವು ಪತ್ರ ಬರೆದಿದ್ದೀರಿ. ಭಾವನ ಸಂದೇಶ ಅಪ್ಪನಿಗೆ ಬಂದಿದೆ. ತೀರ್ಮಾನ ಹಿರಿಯರು ಮಾಡುತ್ತಿದ್ದಾರೆ. ಎಲ್ಲರಿಗೂ ಅವರ ಮೇಲೆ ಪ್ರೀತಿ ಇದೆ. ಆದರೂ 36 ವರ್ಷದ ಹೆಂಗಸಿನ ಬದುಕಿನ ಬಗ್ಗೆ ಅವರನ್ನು ಬಿಟ್ಟು ಎಲ್ಲರೂ ಮಾತಾಡುತ್ತಿದ್ದಾರೆ. ಈ ಪತ್ರವನ್ನೂ, ಈ ಉತ್ತರವನ್ನೂ ಅವರಿಗೆ ತೋರಿಸಿ.

ಒಂದು ನೋಟ್‌ಬುಕ್ ತಂದುಕೊಡಿ. ದಿನಕ್ಕೆ ನಾಲ್ಕು ಸಾಲು ಬರೆಯಲಿ. ಏನಾಯಿತು, ತನಗೆ ಏನನಿಸಿತು, ಅಷ್ಟೇ. ನೀವು ಯಾರೂ ತೆರೆದು ನೋಡಬಾರದು. ತಾನೇ ಬರೆದದ್ದನ್ನು ತಿಂಗಳ ಮೇಲೆ ಓದಿದಾಗ ತನ್ನ ನೆನಪು ಸರಿಯಾಗಿಯೇ ಇದೆ ಅನ್ನುವುದು ಅವರಿಗೇ ಕಾಣುತ್ತದೆ. ಸಾಧ್ಯವಾದರೆ ಸ್ವಂತ ದುಡಿಮೆ, ತನ್ನ ಹೆಸರಿನ ಬ್ಯಾಂಕ್ ಖಾತೆ ಇರಲಿ. ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಐನೂರು ರೂಪಾಯಿ ಮಾಡುವ ಕೆಲಸವನ್ನು ನಮ್ಮ ಮಾತು ಮಾಡುವುದಿಲ್ಲ.

ಮಗನ ಬಗ್ಗೆ ನೀವು ಏನೂ ಬರೆದಿಲ್ಲ. ಅವನು ಅಪ್ಪನ ಮಾತನ್ನು ಅಮ್ಮನಿಗೆ ಆಡುತ್ತಾನಾ? 'ಅಮ್ಮಂಗೆ ಏನೂ ಗೊತ್ತಾಗಲ್ಲ' ಅನ್ನುವ ಥರ? ಮಕ್ಕಳು ಹಾಗೆ ಆಡುವುದು ಕೆಟ್ಟತನದಿಂದಲ್ಲ, ಮನೆಯಲ್ಲಿ ಯಾರ ಕಡೆ ನಿಂತರೆ ಪೆಟ್ಟಿಲ್ಲ ಅಂತ ನೋಡಿ ಕಲಿತಿರುತ್ತಾರೆ. ಮೆತ್ತಗೆ ತಿದ್ದಿ, ಆದರೆ ಅವನ ಎದುರು ಅವನ ಅಪ್ಪನನ್ನು ಬೈಯಬೇಡಿ. ಮಗನ ವಿಷಯಕ್ಕೆ ಭಾವನ ಜೊತೆ ಮಾತಾಡಲೇಬೇಕಾದರೆ ಮೆಸೇಜಿನಲ್ಲಿ ಮಾತಾಡಲಿ. ಶಾಲೆ, ಜ್ವರ, ಫೀಸು, ಅಷ್ಟಕ್ಕೇ ಉತ್ತರ. ಹಳೆಯ ವಿಷಯ ಎತ್ತಿ ಕೆಣಕಿದರೆ ಆ ಸಾಲಿಗೆ ಉತ್ತರ ಬೇಡ. ಫೋನಿನ ರಿಂಗ್‌ಟೋನ್ ಇವತ್ತೇ ಬದಲಿಸಿ. ಎದೆ ಹೊಡೆದುಕೊಳ್ಳುವುದು ಸ್ವಲ್ಪ ಕಡಿಮೆಯಾಗುತ್ತದೆ.

ಚಿಕಿತ್ಸೆ ನಮ್ಮೂರಲ್ಲೇ ಸಿಗುತ್ತದೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೂ, ಊರಿನ ಎರಡು ಮೆಡಿಕಲ್ ಕಾಲೇಜುಗಳಲ್ಲೂ ಮನೋವೈದ್ಯರಿದ್ದಾರೆ. ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆಯನ್ನೂ, ಕಣ್ಣನ್ನು ಅತ್ತಿತ್ತ ಆಡಿಸುತ್ತಾ ಹಳೆಯ ನೆನಪನ್ನು ನೆನೆಯುವಂತೆ ಮಾಡಿಸುವ ಇಎಂಡಿಆರ್ ಎಂಬ ಚಿಕಿತ್ಸೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಪಿಟಿಎಸ್‌ಡಿಗೆ ಶಿಫಾರಸು ಮಾಡಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. ಮೊದಲ ಭೇಟಿಯಲ್ಲೇ 'ಸ್ವಲ್ಪ ಹೊಂದಿಕೊಳ್ಳಬೇಕಮ್ಮ' ಅಂದರೆ ಬೇರೆಯವರ ಹತ್ತಿರ ಹೋಗಿ. ಖಿನ್ನತೆ ಜಾಸ್ತಿ ಇದ್ದರೆ ಮಾತ್ರೆಯಿಂದ ಉಪಯೋಗ ಇದೆ, ಹೆದರಬೇಡಿ. ಹೆದರಬೇಕಾದ್ದು ಮೆಡಿಕಲ್ ಶಾಪಿನಲ್ಲಿ ಯಾರೋ ಹೇಳಿದರು ಅಂತ ತರುವ ಆಲ್‌ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಗೆ. ಅದು ಬೇಗ ಚಟವಾಗುತ್ತದೆ. ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಮಾಡುವ ಕೌನ್ಸೆಲಿಂಗ್ ಸದ್ಯಕ್ಕೆ ಬೇಡವೇ ಬೇಡ. ಭಯ ಇರುವ ಕಡೆ ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ತಲೆ ಆಡಿಸುತ್ತಾರೆ.

ಅಕ್ಕ ಯಾವಾಗಲಾದರೂ 'ನಾನು ಇಲ್ಲದಿದ್ರೆ ಎಲ್ಲರಿಗೂ ಒಳ್ಳೆಯದಿತ್ತು' ಅಂದರೆ ಅದನ್ನು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವ ಯೋಚನೆ ಹೊರಗೆ ಬರುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಹಿಳಾ ಸಹಾಯವಾಣಿ 181. ತುರ್ತು ಅಂದರೆ 112.

ಯಾವಾಗ ಮೊದಲಿನ ಹಾಗಾಗುತ್ತಾಳೆ ಅಂತ ಕೇಳಿದ್ದೀರಿ. ಮದುವೆಗೆ ಮುಂಚಿನ 24ರ ಹುಡುಗಿ ವಾಪಸ್ ಬರುವುದಿಲ್ಲ. ಹೆಚ್ಚಿನವರು ಗುಣವಾಗುತ್ತಾರೆ, ಆದರೆ ನೇರ ದಾರಿಯಲ್ಲಿ ಅಲ್ಲ. ಆರು ತಿಂಗಳು ಚೆನ್ನಾಗಿದ್ದು, ಯಾರದೋ ದನಿ, ಯಾವುದೋ ಸೆಂಟಿನ ವಾಸನೆ, ಬಸ್‌ಸ್ಟ್ಯಾಂಡಿನಲ್ಲಿ ಚಿತ್ರದುರ್ಗದ ಬೋರ್ಡು ಕಂಡು ಮತ್ತೆ ನಾಲ್ಕು ದಿನ ಮಂಕಾಗಬಹುದು. ಅದು ಹಿಂದಕ್ಕೆ ಹೋದದ್ದಲ್ಲ. ಒಳ್ಳೆಯ ಗುರುತು ಏನು ಗೊತ್ತಾ? ಒಂದು ದಿನ ಅವರು ನಿಮ್ಮ ಮೇಲೆ ಸಿಡುಕುತ್ತಾರೆ. 'ನನಗೆ ಬೇಡ ಅಂದ್ನಲ್ಲ' ಅನ್ನುತ್ತಾರೆ. ಆ ದಿನ ಸಂತೋಷಪಡಿ. ನಿಮ್ಮ ಮುಂದೆ ಕೋಪ ಮಾಡಿಕೊಂಡರೂ ಏನೂ ಆಗದು ಅನ್ನುವ ಧೈರ್ಯ ಬಂದಿದೆ ಅಂತ ಅರ್ಥ.

ಇನ್ನು ಯುಗಾದಿ. ಕಳಿಸಬೇಡಿ ಅಂತ ನಾನು ಹೇಳಿದರೆ ಅದೂ ಇನ್ನೊಬ್ಬರು ಹೇಳಿದ ಹಾಗೇ ಆಯಿತು. ಹೋಗಬೇಕೋ ಬೇಡವೋ ಅಕ್ಕನೇ ಹೇಳಬೇಕು, ಹೇಳುವ ಶಕ್ತಿ ಇನ್ನೂ ಬಂದಿಲ್ಲ. ಹಾಗಾಗಿ ಈಗ ಕೊಡಬಹುದಾದ ಉತ್ತರ ಒಂದೇ: ಈ ಯುಗಾದಿಗೆ ಇಲ್ಲ. ಜನ ಬದಲಾಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಬದಲಾದವರು ಹಬ್ಬದ ಗಡುವು ಹಾಕುವುದಿಲ್ಲ. 'ಏನೇನು ತಪ್ಪಾಗಿದೆಯೋ ಕ್ಷಮಿಸಿಬಿಡು' ಅಂತ ಹಿರಿಯರ ಕೈಲಿ ಹೇಳಿಸುವುದಿಲ್ಲ. ಇಂಥಿಂಥ ದಿನ ಇಂಥದ್ದು ಮಾಡಿದೆ, ಅದು ತಪ್ಪು ಅಂತ ತಾವೇ ಹೇಳುತ್ತಾರೆ, 'ಆದರೆ ಅವಳೂ' ಅಂತ ಸೇರಿಸದೆ. ತಾವಾಗಿ ಚಿಕಿತ್ಸೆಗೆ ಹೋಗಿ ತಿಂಗಳುಗಟ್ಟಲೆ ಬಿಡದೆ ಮುಂದುವರಿಸುತ್ತಾರೆ. 'ಇಲ್ಲ' ಅನ್ನುವ ಉತ್ತರ ಬಂದಾಗ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನು ಮಾತ್ರ ಚೆನ್ನಾಗಿ ನೋಡಿ. ಸಿಟ್ಟು, ಬೆದರಿಕೆ, ಮಗನ ಫೀಸು ನಿಲ್ಲಿಸುವುದು, ಊರೆಲ್ಲ ಅಕ್ಕನ ಮೇಲೆ ದೂರು, ಇದರಲ್ಲಿ ಯಾವುದು ಬಂದರೂ ನಿಮ್ಮ ಅಪ್ಪನಿಗೆ ಉತ್ತರ ಸಿಕ್ಕಿದಂತೆ.

ಅಪ್ಪನ ಜೊತೆ ನೀವೊಬ್ಬರೇ ಕೂತು ಮಾತಾಡಿ, ಅಕ್ಕನ ಎದುರು ಬೇಡ. ಹಿರಿಯರಿಗೆ ಹೇಳುವುದಕ್ಕೆ ಅವರಿಗೊಂದು ಮಾತು ಬೇಕಾಗುತ್ತದೆ, ಇಲ್ಲದಿದ್ದರೆ ಮರ್ಯಾದೆಗೆ ಅಂಜಿ ಒಪ್ಪಿಕೊಂಡುಬಿಡುತ್ತಾರೆ. 'ಮಗಳು ಚಿಕಿತ್ಸೆ ತಗೋತಾ ಇದಾಳೆ, ಡಾಕ್ಟರು ಈಗ ಎಲ್ಲೂ ಕಳಿಸಬೇಡಿ ಅಂದಿದ್ದಾರೆ' ಅಂತ ಅಪ್ಪ ಹೇಳಲಿ. ಅದು ಸುಳ್ಳಾಗದಂತೆ ಈ ವಾರವೇ ಅಕ್ಕನನ್ನು ಒಪ್ಪಿಸಿ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಒಳಗೆ ಹೋಗುವಾಗ ನೀವೂ ಬರಬೇಕೋ ಹೊರಗೆ ಕೂರಬೇಕೋ ಅಂತ ಅವರನ್ನೇ ಕೇಳಿ, ಉತ್ತರ ಬರುವವರೆಗೆ ಬಾಗಿಲ ಹತ್ತಿರ ನಿಂತಿರಿ.